ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದವನ್ನು ಬಳಸುವ ಬಗೆ

ಕನ್ನಡದಲ್ಲಿ ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ಅವರ ಹತ್ತಿರ ಕಾರಿದೆ’ ಎಂದು ‘ಇರು’ ಧಾತುವಿನಿಂದಲೇ ಒಡೆತನವನ್ನೂ ನಂಟನ್ನೂ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹ್ಯಾವ್’ ಬೇಕು, ಮತ್ತು ಉಳ್ಳವನೇ ವಾಕ್ಯದ ಕರ್ತೃವಾಗುತ್ತಾನೆ: ‘ಐ ಹ್ಯಾವ್ ಟೂ ಬ್ರದರ್ಸ್’. ಇಲ್ಲಿ ‘ಐ ಆಮ್ ಹ್ಯಾವಿಂಗ್’ ಎನ್ನುವುದು ನಮ್ಮಲ್ಲಿ ಎಷ್ಟೇ ರೂಢಿಯಲ್ಲಿದ್ದರೂ ಶಿಷ್ಟ ಬರವಣಿಗೆಗೆ ಸಲ್ಲದು, ಏಕೆಂದರೆ ಇದು ಸ್ಥಿತಿಯೇ ಹೊರತು ನಡೆಯುತ್ತಿರುವ ಕ್ರಿಯೆಯಲ್ಲ. ಊಟ ಮಾಡುವುದು ಕ್ರಿಯೆಯಾದ್ದರಿಂದ ‘ವಿ ಆರ್ ಹ್ಯಾವಿಂಗ್ ಲಂಚ್’ ಸರಿಯಾಗಿಯೇ ಇದೆ.

ಸಹಾಯಕ ಕ್ರಿಯಾಪದವಾಗಿ ಬಂದಾಗ ತೊಡಕು ಹೆಚ್ಚು. ‘ಐ ಹ್ಯಾವ್ ಸೀನ್ ಹರ್’ ಎಂದರೆ ‘ಅವಳನ್ನು ನೋಡಿದ್ದೇನೆ’. ಕನ್ನಡದಲ್ಲಿ ‘ನಿನ್ನೆಯೇ ನೋಡಿದ್ದೇನೆ’ ಎನ್ನಬಹುದು. ಇಂಗ್ಲಿಷಿನಲ್ಲಿ ಮುಗಿದ ಕಾಲವನ್ನು ಹೆಸರಿಸಿದೊಡನೆ ‘ಐ ಸಾ ಹರ್ ಯೆಸ್ಟರ್‌ಡೇ’ ಎಂದು ಸರಳ ಭೂತಕಾಲಕ್ಕೆ ಬರಲೇಬೇಕು. ಇಂಗ್ಲಿಷಿನಲ್ಲಿ ಪಳಗಿದವರೂ ಎಡವುವುದು ಇಲ್ಲಿಯೇ.

‘ಹ್ಯಾವ್ ಟು’ ನಮ್ಮ ‘ಬೇಕು’. ಮಾತಿನಲ್ಲಿ ಅದು ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ. ‘ಯೂ ಡೋಂಟ್ ಹ್ಯಾವ್ ಟು ಕಮ್’ ಎಂದರೆ ‘ಬರಬೇಕಾಗಿಲ್ಲ’ ಎಂದಷ್ಟೇ. ‘ಬರಕೂಡದು’ ಎನ್ನಲು ‘ಮಸ್ಟ್ ನಾಟ್’ ಬೇಕು.

ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಿದ್ದನ್ನು ಹೇಳುವಾಗ, ಕನ್ನಡದಲ್ಲಿ ‘ಇಸು’ ಪ್ರತ್ಯಯ ಹೊರುವ ಅರ್ಥವನ್ನು ಇಂಗ್ಲಿಷಿನಲ್ಲಿ ಪದಗಳ ಕ್ರಮವೇ ಹೊರುತ್ತದೆ. ‘ಐ ಹ್ಯಾಡ್ ಮೈ ವಾಚ್ ರಿಪೇರ್ಡ್’ ಎಂದರೆ ವಾಚನ್ನು ರಿಪೇರಿ ಮಾಡಿಸಿದಿರಿ. ‘ಐ ಹ್ಯಾಡ್ ರಿಪೇರ್ಡ್ ಮೈ ವಾಚ್’ ಎಂದರೆ ರಿಪೇರಿ ಮಾಡಿದವರು ನೀವೇ ಆಗಿಬಿಡುತ್ತೀರಿ.