ನೆಟ್ಟಗೆ ಕೂರೋದು ಬಿಟ್ಟೆ, ಬೆನ್ನು ನೋವೂ ಬಿಡ್ತು

ನೆಟ್ಟಗೆ ಕೂರೋ ಪ್ರಯತ್ನಾನೇ ಬಿಟ್ಟೆ, ಅದಕ್ಕೇ ಬೆನ್ನು ಸರಿಹೋಯ್ತು ಅಂದ್ರೆ ಮೊದಮೊದಲು ನಕ್ಕವರೇ ಜಾಸ್ತಿ. "ದಿನಾ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರೋನು ನೀನು, ಹಿಂಗೆಲ್ಲಾ ಮಾಡಿದ್ರೆ ಇರೋ ಬೆನ್ನೂ ಹೋಗುತ್ತೆ ಮಾರಾಯ" ಅಂದ್ರು. ಫಿಸಿಯೋನೂ ಹುಬ್ಬೇರಿಸಿದ್ರು. ಈಗ ಹೆಚ್ಚೂಕಮ್ಮಿ ಒಂದೂವರೆ ವರ್ಷ ಆಯ್ತು, ನೋವಿನ ಮಾತ್ರೆ ಮುಟ್ಟಿಲ್ಲ, ಅವತ್ತು ನಕ್ಕವರಲ್ಲೇ ಇಬ್ರು ಮೂವರು ಏನ್ ಮಾಡ್ದೆ ಹೇಳೋ ಅಂತ ಬೆನ್ನು ಬಿದ್ದಿದಾರೆ.

ಮೊದಲು ದುಡ್ಡು ಹೋದ ಕಥೆ. ಕುರ್ಚಿಗೆ ಹತ್ತತ್ರ ಒಂದು ತಿಂಗಳ ಸಂಬಳ ಸುರಿದೆ. ಕುರ್ಚಿ ಏನೋ ಚೆನ್ನಾಗೇ ಇತ್ತು, ತುಂಬಾ ಚೆನ್ನಾಗಿತ್ತು ಅನ್ನೋದೇ ತೊಂದರೆ, ಕೂತ್ರೆ ಮೂರು ಗಂಟೆ ಏಳ್ತಾನೇ ಇರ್ಲಿಲ್ಲ. ಆಮೇಲೆ ಭುಜ ಹಿಂದಕ್ಕೆ ಎಳೆಯೋ ಬೆಲ್ಟು, ಹಾಕಿರೋವರೆಗೂ ಸೈನಿಕ, ಬಿಚ್ಚಿದ ತಕ್ಷಣ ಮತ್ತೆ ಅದೇ ಗೂನು. ಬಗ್ಗಿದ್ರೆ ಗುಂಯ್ ಅಂತ ನಡುಗೋ ಒಂದು ಡಿವೈಸ್ ತಗೊಂಡೆ, ಮೀಟಿಂಗ್ ಮಧ್ಯ ಅದು ಗುಂಯ್ಗುಟ್ಟಿ ಗುಂಯ್ಗುಟ್ಟಿ ನಂಗೇ ತಲೆಕೆಟ್ಟು ಡ್ರಾಯರಿಗೆ ಎಸೆದೆ. ನಿಂತು ಕೆಲಸ ಮಾಡೋ ಟೇಬಲ್ ಬಂತು, ಸೊಂಟದ ನೋವು ಹಿಮ್ಮಡಿಗೆ ಇಳೀತು ಅಷ್ಟೇ. ವಾರಕ್ಕೊಂದು ಮಸಾಜು, ಎರಡು ದಿನ ಸುಖ. ಎಲ್ಲಾ ಸೇರಿಸಿದ್ರೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರ್ತಿತ್ತು.

ಇದೆಲ್ಲಕ್ಕಿಂತ ಕೆಲಸ ಕೆಡಿಸಿದ್ದು ಎಂಆರ್‌ಐ ರಿಪೋರ್ಟು. ಎಲ್4-ಎಲ್5 ಡಿಸ್ಕ್ ಬಲ್ಜ್ ಅಂತ ಬರೆದಿದ್ರು, ಅಂದ್ರೆ ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಹೊರಕ್ಕೆ ಉಬ್ಬಿದೆ ಅಂತ, ಓದಿದ ಮೇಲೆ ಗಾಜಿನ ಬೊಂಬೆ ಥರ ನಡೆಯೋಕೆ ಶುರು ಮಾಡ್ದೆ. ಬಗ್ಗೋಕೆ ಭಯ, ಸೀನೋಕೆ ಭಯ, ಯಾವಾಗ್ಲೂ ಸೊಂಟ ಬಿಗಿ. ನೋವೇ ಇಲ್ಲದವರ ಸ್ಕ್ಯಾನುಗಳನ್ನ ಒಟ್ಟು ಹಾಕಿ ನೋಡಿದ 2015ರ ಒಂದು ವಿಮರ್ಶೆ ಇದೆ, ಅದರ ಪ್ರಕಾರ 20ರ ವಯಸ್ಸಲ್ಲೇ ಸುಮಾರು 30% ಜನಕ್ಕೆ ಡಿಸ್ಕ್ ಬಲ್ಜ್ ಇರುತ್ತೆ, 80ಕ್ಕೆ ಬಂದ್ರೆ 84%. ಅಂದ್ರೆ ಬಲ್ಜ್ ಇಟ್ಕೊಂಡೇ ಜನ ಆರಾಮಾಗಿ ಓಡಾಡ್ತಿದಾರೆ. ಇದು ತಲೆಗೆ ಇಳಿದ ಮೇಲೆ ಆ ಬಿಗಿ ಅರ್ಧ ಹೋಯ್ತು, ಒಂದು ಪೈಸೆ ಖರ್ಚಿಲ್ಲದೆ.

ಈಗ ಅಸಲಿ ವಿಷಯ. ದೊಡ್ಡವರ ಡಿಸ್ಕ್ ಒಳಗೆ ರಕ್ತನಾಳ ಹೋಗಲ್ಲ ಅನ್ನಬಹುದು, ಬೇಕಾದ್ದೆಲ್ಲ ಅಕ್ಕಪಕ್ಕದಿಂದ ಜಿನುಗಿ ಬರಬೇಕು, ಅಲ್ಲಾಡ್ತಾ ಇದ್ರೇನೇ ಅದಕ್ಕೆ ಒಳ್ಳೇದು. ಹಂಗಾಗಿ ಎಷ್ಟೇ ಲಕ್ಷಣವಾಗಿ ಕೂತ್ರೂ ಕಲ್ಲಾಗಿ ಕೂತ್ರೆ ಬರ್ಕತ್ತಿಲ್ಲ. ನಾನು 25 ನಿಮಿಷಕ್ಕೆ ಟೈಮರ್ ಇಟ್ಟೆ. ಅದು ಹೊಡ್ಕೊಂಡಾಗ ಸರಿಯಾಗಿ ಕೂರೋದಲ್ಲ, ಬೇರೆ ಥರ ಕೂರೋದು. ಒಂದ್ಸಲ ಹಿಂದಕ್ಕೆ ಒರಗಿ, ಒಂದ್ಸಲ ಮೊಣಕೈ ಮೇಜಿನ ಮೇಲೆ ಊರಿ, ಒಂದ್ಸಲ ನಿಂತು, ಒಂದ್ಸಲ ಒಂದು ಮಂಡಿ ನೆಲಕ್ಕೆ ಹಾಕಿ. ಗೂನು ಹಾಕಿ ಕೂರೋ ಪಾಳಿನೂ ಇದೆ, ಬೇಕಂತಲೇ.

ಬೆಳಗ್ಗೆ ಎದ್ದು ಮೊದಲ ಅರ್ಧ ಮುಕ್ಕಾಲು ಗಂಟೆ ಮಾತ್ರ ಸೊಂಟ ಬಗ್ಗಿಸಲ್ಲ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರ್ಕೊಂಡು ಉಬ್ಬಿರ್ತವೆ, ಆಗ ಬಗ್ಗಿದ್ರೆ ಒತ್ತಡ ಜಾಸ್ತಿ. ನಂಬಿಕೆ ಬರ್ಲಿಲ್ಲ ಅಂತ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಬೆಳಗ್ಗೆ ಸಂಜೆ ಪೆನ್ಸಿಲ್ ಗೀಟು ಹಾಕಿಸ್ದೆ, ಒಂದು ಸೆಂಟಿಮೀಟರ್ ಮೇಲೇನೇ ವ್ಯತ್ಯಾಸ! ಮಗ ಇದನ್ನೇ ಸ್ಕೂಲ್ ಪ್ರಾಜೆಕ್ಟ್ ಮಾಡ್ಕೊಂಡ.

ವ್ಯಾಯಾಮ ಮೆಕ್‌ಗಿಲ್ ಅನ್ನೋ ಬೆನ್ನುಮೂಳೆ ತಜ್ಞರು ಹೇಳೋ ಮೂರೇ: ಅಂಗಾತ ಮಲಗಿ ತಲೆ, ಭುಜ ಸ್ವಲ್ಪ ಎತ್ತೋ ಕರ್ಲ್-ಅಪ್, ಮಗ್ಗುಲಾಗಿ ಮೊಣಕೈ ಊರಿ ಮೈ ಎತ್ತಿ ಹಿಡಿಯೋ ಸೈಡ್ ಪ್ಲಾಂಕ್, ಅಂಬೆಗಾಲಲ್ಲಿ ಇದ್ದು ಒಂದು ಕೈ, ಅದರ ಎದುರು ಬದಿ ಕಾಲು ಚಾಚೋ ಬರ್ಡ್ ಡಾಗ್. ಒಂದೊಂದು ಸಲ 10 ಸೆಕೆಂಡ್ ಹಿಡಿಯೋದು, ಮೊದಲ ಸುತ್ತಲ್ಲಿ ಆರು ಸಲ, ಆಮೇಲೆ ನಾಲ್ಕು, ಆಮೇಲೆ ಎರಡು ಅಂತ ಇಳಿಸ್ತಾ ಹೋಗೋದು. ಎರಡು ನಿಮಿಷ ಪ್ಲಾಂಕ್ ಹಿಡಿದು ಸ್ಟೇಟಸ್ ಹಾಕೋದರಿಂದ ಬೆನ್ನಿಗೆ ಏನೂ ಸಿಗಲ್ಲ. ಬರ್ಡ್ ಡಾಗ್ ಮಾಡುವಾಗ ಸೊಂಟದ ಮೇಲೆ ಫೋನ್ ಅಡ್ಡ ಇಟ್ಕೊಳಿ, ಕಾಲು ಚಾಚಿದಾಗ ಅದು ಜಾರಿದ್ರೆ ಸೊಂಟ ತಿರುಗ್ತಿದೆ ಅಂತ ಅರ್ಥ. ನನ್ನ ಫೋನಿನ ಸ್ಕ್ರೀನ್ ಗಾರ್ಡ್ ಎರಡು ಹೋಯ್ತು.

ಮನಸ್ಸಿನ ವಿಷಯಕ್ಕೆ ಬಂದ್ರೆ, ಎದೆಯುಬ್ಬಿಸಿ ಎರಡು ನಿಮಿಷ ನಿಂತ್ರೆ ಹಾರ್ಮೋನೇ ಬದಲಾಗುತ್ತೆ ಅಂತ 2010ರಲ್ಲಿ ಒಂದು ಸಂಶೋಧನೆ ಭಾರಿ ಸದ್ದು ಮಾಡಿತ್ತು, 2015ರಲ್ಲಿ ಇನ್ನೂ ಜಾಸ್ತಿ ಜನರ ಮೇಲೆ ಮಾಡಿದಾಗ ಆ ಹಾರ್ಮೋನ್ ಪರಿಣಾಮ ಸಿಗಲಿಲ್ಲ. ನಾನೂ ಮೀಟಿಂಗ್ ಮುಂಚೆ ಬಾತ್‌ರೂಮಲ್ಲಿ ನಿಂತು ನೋಡಿದೀನಿ, ಧೈರ್ಯ ಗಿರ್ಯ ಏನೂ ಬರ್ಲಿಲ್ಲ, ಆದ್ರೆ ಉಸಿರು ಉದ್ದ ಆಯ್ತು. ಆ ಎಳೆ ಹಿಡಿದೆ. ಮುದುರಿ ಕೂತಾಗ ಪಕ್ಕೆಲುಬು ಹೊಟ್ಟೆ ಮೇಲೆ ಕೂತು ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಳಿಯೋಕೆ ಜಾಗ ಇರಲ್ಲ, ಉಸಿರೆಲ್ಲ ಕತ್ತಿನ ಹತ್ರಾನೇ. ಅದಕ್ಕೆ ಕೆಲಸ ಮುಗಿದ ತಕ್ಷಣ ನೆಲದ ಮೇಲೆ ಮಲಗಿ, ಮೀನಖಂಡ ಕುರ್ಚಿ ಮೇಲಿಟ್ಟು, ನಿಮಿಷಕ್ಕೆ ಆರು ಉಸಿರು, ಹತ್ತು ನಿಮಿಷ. ಮೂರನೇ ವಾರವೋ ಏನೋ ನಮ್ಮನೆಯವಳು "ಏನ್ರೀ, ಇವತ್ತು ಹೋಂವರ್ಕ್ ಟೈಮಲ್ಲಿ ಕೂಗಾಡ್ಲೇ ಇಲ್ಲ?" ಅಂದ್ಲು. ನನ್ನ ಲೆಕ್ಕದಲ್ಲಿ ಭಂಗಿಗಿಂತ ನಿದ್ದೆದೇ ದೊಡ್ಡ ಪಾತ್ರ, ಮಗ್ಗಲು ಬದಲಾಯಿಸಿದಾಗೆಲ್ಲ ಎಚ್ಚರ ಆಗೋದು ನಿಂತ್ರೆ ಸಿಡುಕೂ ಅರ್ಧ ಇಳಿಯುತ್ತೆ.

ಕಾಲಲ್ಲಿ ಶಕ್ತಿ ಕಮ್ಮಿ ಆಗ್ತಿದ್ರೆ, ತೊಡೆ ಸಂದಿಲಿ ಸ್ಪರ್ಶ ಗೊತ್ತಾಗ್ದೆ ಇದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಇದ್ಯಾವುದೂ ಬೇಡ, ಅವತ್ತೇ ಆಸ್ಪತ್ರೆಗೆ ಓಡಿ. ಮಿಕ್ಕವರು ಟೈಮರಿಂದ ಶುರು ಮಾಡಿ. ಸದ್ಯಕ್ಕೆ ನಾನು ಎಡಗೈಲಿ ಮೌಸ್ ಹಿಡಿಯೋದು ಟ್ರೈ ಮಾಡ್ತಿದೀನಿ, ಬಲ ಭುಜ ಸ್ವಲ್ಪ ಸಡಿಲ ಆದಂಗಿದೆ, ಸ್ಪೀಡ್ ಮಾತ್ರ ಇನ್ನೂ ಬಂದಿಲ್ಲ.