ಡಬ್ಬಿ ನೋಡಿ ಮೋಸ ಹೋದೆ: ನಕಲಿ ಫ್ಯೂಯಲ್ ಪಂಪ್ ಕಲಿಸಿದ್ದು

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಫೋನ್ ಬಂತು. "ತಮ್ಮಾ, ಗಾಡಿ ಮತ್ತ ನಿಂತೈತಿ ನೋಡಪಾ. ನಲವಡಿ ಹತ್ರ ಅದೀವಿ. ಮನಿಯವರೂ ಅದಾರ." ಅಣ್ಣಿಗೇರಿಯ ಮಾಸ್ತರು. ಅವರ ಪೆಟ್ರೋಲ್ ಕಾರಿಗೆ ಹೊಸ ಫ್ಯೂಯಲ್ ಪಂಪ್, ಅಂದರೆ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್, ಹಾಕಿ ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಹಾಕಿದವನು ನಾನೇ.

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಕಾರನ್ನು ಎಳೆದು ತಂದು ಮೊದಲು ಫ್ಯೂಸ್, ರಿಲೇ ನೋಡಿದೆ. ಸರಿ ಇದ್ದವು. ಹಿಂದಿನ ಸೀಟ್ ಎತ್ತಿ ಟ್ಯಾಂಕಿನ ಮೇಲೆ ಪಂಪಿನ ವೈರ್ ಕೂಡುವ ಕಪ್ಲರ್‌ಗೆ ಮೀಟರ್ ಹಿಡಿದೆ. ಕೀ ತಿರುಗಿಸಿದಾಗ 12 ವೋಲ್ಟ್ ಬರುತ್ತಿತ್ತು, ಆದರೆ ಪಂಪಿನ ಸದ್ದೇ ಇಲ್ಲ. ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಒಂದು ಕ್ಷಣ ಗುಂಯ್ ಅಂದು ಮತ್ತೆ ನಿಂತಿತು. ಪಂಪಿನ ಒಳಗೇ ಕೆಟ್ಟಿದೆ ಅಂತ ಗೊತ್ತಾಯಿತು.

ಆ ಪಂಪನ್ನು ಹೊರಗೆ ತೆಗೆದು, ಪೆಟ್ರೋಲ್ ಪೂರ್ತಿ ಆರಿದ ಮೇಲೆ ಕೈಗರಗಸದಿಂದ ಕೊಯ್ದೆ. ಮಾಸ್ತರ ಕಾರಿನ ಹಳೆ ಪಂಪ್ ಮೂಲೆಯಲ್ಲೇ ಬಿದ್ದಿತ್ತು, ಅದನ್ನೂ ಕೊಯ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹೊಟ್ಟೆ ಉರಿಯಿತು. ವರ್ಷಗಟ್ಟಲೆ ಓಡಿದ ಹಳೇದರಲ್ಲಿ ಮೋಟರಿಗೆ ಕರೆಂಟ್ ಕೊಡುವ ಬ್ರಷ್‌ಗೆ ತಾಗಿ ತಿರುಗುವ ಭಾಗ, ಅಂದರೆ ಕಮ್ಯುಟೇಟರ್, ಕಾರ್ಬನ್ನಿನದು. ಹೊಸದರಲ್ಲಿ ತಾಮ್ರದ್ದು, ಅದೂ ಕಪ್ಪಾಗಿ ಕಿತ್ತು ಹೋಗಿತ್ತು. ಬ್ರಷ್‌ಗಳು ಸವೆದು ಉಗುರಿನಷ್ಟೇ ಉಳಿದಿದ್ದವು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾದ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಈಗ ನಮ್ಮ ಬಂಕುಗಳಿಗೂ ಬಂದಿದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಾಮ್ರವನ್ನು ತಿನ್ನುತ್ತದೆ, ಕಳಪೆ ರಬ್ಬರನ್ನು ಉಬ್ಬಿಸುತ್ತದೆ. ಎಥೆನಾಲ್ ತಡೆಯುವ ಪಂಪುಗಳಿಗೆ ಕಾರ್ಬನ್ ಹಾಕುವುದು ಇದಕ್ಕೇ. ನಕಲಿ ಮಾಡುವವರು ಆ ಖರ್ಚು ಯಾಕೆ ಮಾಡುತ್ತಾರೆ?

ತಪ್ಪು ನನ್ನದೂ ಇತ್ತು. ಡಬ್ಬಿ ನೋಡಿದೆ, ಹಾಲೋಗ್ರಾಂ ನೋಡಿದೆ, ಹಾಕಿಬಿಟ್ಟೆ. ಸ್ವಲ್ಪ ಕಮ್ಮಿಗೆ ಸಿಗುತ್ತದೆ ಅಂತ ಬಿಲ್ ಇಲ್ಲದೆ ತಂದಿದ್ದೆ. ತಿರುಗಿ ಒಯ್ದಾಗ ಅಂಗಡಿಯವರು ಬಿಲ್ ಕೇಳಿದರು. ಇರಲಿಲ್ಲ. ಈಗ ಜಿಎಸ್‌ಟಿ ಬಿಲ್ ಇಲ್ಲದೆ ಒಂದು ಬೋಲ್ಟೂ ತರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ಇನ್ನು ಬಿಲ್ ಬೇಡ ಅನ್ನಲು ಯಾವ ಕಾರಣವೂ ಇಲ್ಲ.

ಈಗ ಹಳೆ ಪಂಪನ್ನು ಮೊದಲು ಹೊರಗೆ ತೆಗೆದು, ಅದನ್ನು ಕೈಯಲ್ಲಿ ಹಿಡಿದೇ ಹೊಸದನ್ನು ನೋಡುತ್ತೇನೆ. ಡಬ್ಬಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಪಂಪನ್ನು ಹಾಗೆ ಮಾಡುವುದು ಕಷ್ಟ. ನಂಬರನ್ನು ಲೇಸರಿನಲ್ಲಿ ಕೆತ್ತಿದ್ದಾರಾ, ಇಲ್ಲಾ ಮಸಿಯಲ್ಲಿ ಒತ್ತಿದ್ದಾರಾ? ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಕೆಲವು ನಕಲಿಗಳ ನಂಬರ್ ಅಳಿಸಿಯೇ ಹೋಗುತ್ತದೆ. ಡಬ್ಬಿಯ ಮೇಲಿನ ನಂಬರೂ ಪಂಪಿನ ಮೇಲಿನ ನಂಬರೂ ತಾಳೆ ಆಗಬೇಕು. ಕಪ್ಲರಿನ ಪಿನ್ ಅಲುಗಾಡಬಾರದು. ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಅಚ್ಚಿನ ಚೂರು ಉಳಿದಿರಬಾರದು, ಅದು ಕಿತ್ತು ಬಂದರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳಬಹುದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ತೂಗಿಸಿದ್ದೂ ಇದೆ. ಮಾಸ್ತರ ಕಾರಿಗೆ ಹಾಕಿದ್ದ ಪಂಪ್ ಕೈಗೇ ಹಗುರ ಅನ್ನಿಸುತ್ತಿತ್ತು. ಅವತ್ತು ಆ ಅನುಮಾನವನ್ನು ಸುಮ್ನೆ ಬಿಟ್ಟೆ.

ಪಂಪನ್ನು ಬೆಂಚಿನ ಮೇಲೆ ಪೆಟ್ರೋಲ್ ಇಲ್ಲದೆ ಓಡಿಸಿ ನೋಡಬೇಡಿ. ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ, ಒಳಗೆ ಜಾರುವಿಕೆ ಕೊಡುವುದೂ ಅದೇ. ಹತ್ತು ಸೆಕೆಂಡಿಗೇ ಹಾಳಾಗಬಹುದು, ಕಿಡಿ ಬಿದ್ದರೆ ಬೆಂಕಿ. ಟ್ಯಾಂಕಿನಲ್ಲಿ ಹಾಕಿದ ಮೇಲೆ ಪೆಟ್ರೋಲ್ ಪೈಪಿಗೆ ಒತ್ತಡ ಅಳೆಯುವ ಗೇಜ್ ಕಟ್ಟಿ. ನನ್ನ ಕೈಗೆ ಬರುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ, ನಿಮ್ಮ ಮಾಡೆಲ್‌ನ ಲೆಕ್ಕ ಮ್ಯಾನುಯಲ್‌ನಲ್ಲಿ ನೋಡಿ. ಕೀ ಆಫ್ ಮಾಡಿದ ತಕ್ಷಣ ಮುಳ್ಳು ಸೊನ್ನೆಗೆ ಇಳಿದರೆ ಪಂಪಿನ ಒಳಗಿನ ವಾಲ್ವ್ ಸರಿಯಿಲ್ಲದಿರಬಹುದು. ಬಿಸಿ ಗಾಡಿಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ ಅಂತ ಬಂದವರಲ್ಲಿ ಎಷ್ಟೋ ಜನರ ತೊಂದರೆ ಇದೇ.

ಅಸಲಿ ಪಂಪ್ ಹಾಕಿದರೂ ಕೆಲವು ಬೇಗ ಸಾಯುತ್ತವೆ. ಜಾಸ್ತಿ ಸಲ ಕಾರಣ ಟ್ಯಾಂಕಿನ ತಳದ ಕೆಸರು. ಪಂಪಿನ ಬಾಯಿಯ ಜಾಲರಿ ಕಟ್ಟಿಕೊಂಡರೆ ಪಂಪ್ ಒದ್ದಾಡುತ್ತದೆ, ಕಾಯುತ್ತದೆ. ಅದಕ್ಕೇ ಪಂಪ್ ಬದಲಿಸುವಾಗ ಟ್ಯಾಂಕ್ ತೊಳೆದು, ಜಾಲರಿ ಮತ್ತು ಓ-ರಿಂಗ್ ಹೊಸದು ಹಾಕುತ್ತೇನೆ. ಅರ್ತಿಂಗ್ ತುಕ್ಕು ಹಿಡಿದಿದ್ದರೆ ಕೆರೆದು ಸರಿ ಮಾಡುತ್ತೇನೆ. ಪಂಪನ್ನು ತಣ್ಣಗಿಡಲು ಪೆಟ್ರೋಲನ್ನು ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಇದು ಇನ್ನೂ ಮುಖ್ಯ.

ಮಾಸ್ತರ ಕಾರಿಗೆ ಅಸಲಿ ಪಂಪನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಬಿಲ್ ಅವರ ಕೈಗಿಟ್ಟು, "ಇದನ್ನ ಜ್ವಾಪಾನ ಇಡ್ರಿ ಸರ್ರ" ಅಂದೆ. ಅದರ ಡಬ್ಬಿಯನ್ನು ಅವರ ಎದುರಿಗೇ ನಾಲ್ಕು ತುಂಡು ಮಾಡಿ ಹರಿದು ಹಾಕಿದೆ. ನಕಲಿ ತುಂಬಿ ಮಾರಲು ಖಾಲಿ ಅಸಲಿ ಡಬ್ಬಿ ಕೇಳಿಕೊಂಡು ಬರುವವರಿದ್ದಾರೆ. ಒಂದನ್ನೂ ಕೊಡುವುದಿಲ್ಲ.