ಗೋವಿನಜೋಳ ಮಾರುವ ಮುಂಚೆ ಎಥನಾಲ್ ಲೆಕ್ಕ ಹೀಗೆ ಹಾಕಿ

ಹಾವೇರಿ ಕಡೆಯ ನಮ್ಮ ರೈತರ ಕಂಪನಿಯಲ್ಲಿ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಮಾರಿಸುವ ಜವಾಬ್ದಾರಿ ನನ್ನದು. ಅಕ್ಟೋಬರ್‌ನಲ್ಲಿ ರಾಶಿ ಶುರುವಾದರೆ ಎಲ್ಲರದ್ದೂ ಒಂದೇ ಪ್ರಶ್ನೆ. ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ್ದು ಹೀಗೆ: “ಪೆಟ್ರೋಲ್ ರೇಟ್ ನೂರರ ಮ್ಯಾಲೆ ಐತಿ. ಅದಕ್ಕ ಹಾಕೋ ಎಥನಾಲ್ ನಮ್ಮ ಜೋಳದ್ದ. ಮತ್ತ ನಮ್ಮ ರೇಟ್ ಯಾಕ ಏರವಲ್ದು ತಮ್ಮಾ?”

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಂದ್ರೆ ಪೆಟ್ರೋಲ್ ಬಂಕಿನ ಬೋರ್ಡ್ ನೋಡಿ ಪ್ರಯೋಜನ ಇಲ್ಲ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ದರ ಕಚ್ಚಾ ತೈಲದ ಜೊತೆ ದಿನಾ ಏರಿಳಿಯುವುದಿಲ್ಲ. ತೈಲ ಕಂಪನಿಗಳು ಎಷ್ಟು ಕೊಡುತ್ತವೆ ಅನ್ನೋದು ಮೊದಲೇ ನಿಗದಿಯಾಗಿರುತ್ತದೆ. ಯಾವುದರಿಂದ ತೆಗೆದ ಎಥನಾಲ್ ಎಂಬುದರ ಮೇಲೆ ದರ ಬೇರೆ ಬೇರೆ. 2024-25ರಲ್ಲಿ ಗೋವಿನಜೋಳದ್ದಕ್ಕೆ ಲೀಟರಿಗೆ 71.86 ರೂಪಾಯಿ, ಕಬ್ಬಿನ ರಸದ್ದಕ್ಕೆ 65.61. ಎಥನಾಲ್ ವರ್ಷ ನವೆಂಬರ್‌ನಿಂದ ಅಕ್ಟೋಬರ್‌ವರೆಗೆ. ಬ್ರೆಜಿಲ್‌ನಲ್ಲಿ ಹಾಗಲ್ಲ. ಅಲ್ಲಿ ಪೆಟ್ರೋಲ್ ದುಬಾರಿಯಾದರೆ ಜನ ಬಂಕಿನಲ್ಲೇ ಎಥನಾಲ್ ಹಾಕಿಸಿಕೊಳ್ಳುತ್ತಾರೆ, ಮಿಲ್ಲುಗಳು ಸಕ್ಕರೆ ಕಡಿಮೆ ಮಾಡಿ ಎಥನಾಲ್ ಜಾಸ್ತಿ ತೆಗೆಯುತ್ತವೆ.

ಈಗ ಎಥನಾಲ್ ಕಾರ್ಖಾನೆಯವರ, ಅಂದರೆ ಡಿಸ್ಟಿಲರಿಯವರ, ಜಾಗದಲ್ಲಿ ನಿಂತು ಒಂದು ಲೆಕ್ಕ ಹಾಕಿ. ಒಂದು ಕ್ವಿಂಟಲ್ ಗೋವಿನಜೋಳಕ್ಕೆ ಸುಮಾರು 38 ಲೀಟರ್ ಎಥನಾಲ್ ಬರುತ್ತದೆ. 71.86ರಂತೆ 2,730 ರೂಪಾಯಿ. ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿ, ಅಂದರೆ ಡಿಡಿಜಿಎಸ್, ಹತ್ತಿರ ಹತ್ತಿರ 30 ಕಿಲೋ. ಅದು ಪಶು ಆಹಾರಕ್ಕೂ ಕೋಳಿ ಆಹಾರಕ್ಕೂ ಹೋಗುತ್ತದೆ. ಕಿಲೋಗೆ 14 ರೂಪಾಯಿ ಹಿಡಿದರೆ 420. ಒಟ್ಟು 3,150. ಗೋವಿನಜೋಳವನ್ನು 2,400ಕ್ಕೆ ಕೊಂಡರೆ ಕಾರ್ಖಾನೆಗೆ ಉಳಿಯೋದು 750 ರೂಪಾಯಿ. ಉರುವಲು, ಕೂಲಿ, ಲಾರಿ ಬಾಡಿಗೆ, ಬ್ಯಾಂಕ್ ಬಡ್ಡಿ, ಲಾಭ ಎಲ್ಲ ಅದರಲ್ಲೇ ಆಗಬೇಕು. ಹಿಂಡಿಯ ರೇಟು ನಿಮ್ಮ ಕಡೆ ಎಷ್ಟಿದೆ ಅಂತ ಮೇವಿನ ಅಂಗಡಿಯಲ್ಲಿ ಕೇಳಿ, ಅದನ್ನು ಇಲ್ಲಿ ಹಾಕಿಕೊಳ್ಳಿ. ಕಾರ್ಖಾನೆಯವರು ಎಷ್ಟರವರೆಗೆ ಕೊಡಬಲ್ಲರು ಅನ್ನೋ ಅಂದಾಜು ನಿಮಗೇ ಸಿಗುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. 2025ರ ನವೆಂಬರ್ ನೆನಪು ಮಾಡಿಕೊಳ್ಳಿ. ಬೆಂಬಲ ಬೆಲೆ 2,400 ಇತ್ತು, ಮಾರ್ಕೆಟ್‌ನಲ್ಲಿ 1,600ರಿಂದ 1,800. ಲಕ್ಷ್ಮೇಶ್ವರ, ಹಾವೇರಿ ಕಡೆ ರೈತರು ರಸ್ತೆಗಿಳಿದರು. ಮೇಲಿನ ಲೆಕ್ಕದ ಪ್ರಕಾರ ಕಾರ್ಖಾನೆಗೆ ಇನ್ನೂ ಜಾಸ್ತಿ ಕೊಡಲು ಬರುತ್ತಿತ್ತಲ್ವಾ? ಬರುತ್ತಿತ್ತು. ಆದರೆ ಕೊಡುವ ಅಗತ್ಯ ಇರಲಿಲ್ಲ. ಕಾರಣ ಲೀಟರಿನ ರೇಟಲ್ಲ, ಲೀಟರುಗಳ ಲೆಕ್ಕ. 2025-26ಕ್ಕೆ ತೈಲ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್. ಕಾರ್ಖಾನೆಗಳು ಕೊಡ್ತೀವಿ ಅಂದದ್ದು 1,776 ಕೋಟಿ. ಹಂಚಿಕೆ, ಅಂದರೆ ತೈಲ ಕಂಪನಿಗಳು ಕೊಳ್ಳಲು ಒಪ್ಪಿ ಕಾರ್ಖಾನೆಗಳಿಗೆ ಹಂಚಿದ್ದು, 1,048 ಕೋಟಿ. ಪೆಟ್ರೋಲಿಗೆ ಶೇಕಡಾ 20 ಬೆರೆಸುವ ಗುರಿ ಮುಟ್ಟಿಯಾಗಿತ್ತು, ಅದಕ್ಕಿಂತ ಮೇಲೆ ಕೊಳ್ಳುವವರಿರಲಿಲ್ಲ. ತನ್ನ ಪಾಲಿನ ಲೀಟರ್ ತುಂಬಿದ ಮೇಲೆ ಕಾರ್ಖಾನೆಗೆ ನಿಮ್ಮ ಜೋಳ ಬೇಡ. ಆಮೇಲೆ ರೇಟು ಕಟ್ಟುವವರು ಕೋಳಿ ಆಹಾರದವರು, ಸ್ಟಾರ್ಚ್‌ನವರು. ನಮ್ಮ ಡಿಸ್ಟಿಲರಿಗಳಿಗೆ ಸಿಕ್ಕ ಪಾಲು ಸಾಲದು ಅಂತ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆದದ್ದೂ ಇದೇ ಕಾರಣಕ್ಕೆ.

ಹಾಗಾಗಿ ನಾನು ಅಕ್ಟೋಬರ್‌ನಲ್ಲಿ ಮೊದಲು ಹುಡುಕೋದು ಹಂಚಿಕೆಯ ಸುದ್ದಿ. ಅದರಲ್ಲೂ ಗೋವಿನಜೋಳದ ಪಾಲು ಎಷ್ಟು, ಅಕ್ಕಿಯದೆಷ್ಟು, ಕಬ್ಬಿನದೆಷ್ಟು. 2025-26ರಲ್ಲಿ ಗೋವಿನಜೋಳಕ್ಕೆ ಸುಮಾರು 478 ಕೋಟಿ ಲೀಟರ್. ಟನ್ನಿಗೆ 380 ಲೀಟರಿನಂತೆ ಅಷ್ಟಕ್ಕೆ 125 ಲಕ್ಷ ಟನ್ ಜೋಳ ಬೇಕು. ದೇಶದ ಬೆಳೆ 420 ಲಕ್ಷ ಟನ್ನಿಗೂ ಮೇಲಿದೆ.

ಅಕ್ಕಿ, ಕಬ್ಬಿನ ಮೇಲೆ ಕಣ್ಣಿಡಬೇಕು ಅನ್ನೋದಕ್ಕೆ 2023 ಒಳ್ಳೆಯ ಸಾಕ್ಷಿ. ಆ ಜುಲೈನಲ್ಲಿ ಎಫ್‌ಸಿಐ, ಅಂದರೆ ಕೇಂದ್ರದ ಆಹಾರ ನಿಗಮದ, ಗೋದಾಮಿನ ಅಕ್ಕಿಯನ್ನು ಎಥನಾಲ್‌ಗೆ ಕೊಡೋದು ನಿಂತಿತು. ಮಳೆ ಕೈಕೊಟ್ಟು ಸಕ್ಕರೆ ಸಾಲದು ಅನ್ನೋ ಭಯಕ್ಕೆ ಡಿಸೆಂಬರ್‌ನಲ್ಲಿ ಕಬ್ಬಿನ ರಸಕ್ಕೂ ತಡೆ ಬಿತ್ತು. ಕಾರ್ಖಾನೆಗಳೆಲ್ಲ ಗೋವಿನಜೋಳಕ್ಕೆ ತಿರುಗಿದವು. ಕೋಳಿ ಸಾಕುವವರು ಕಂಗಾಲಾದರು. ಅವರ ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಜೋಳ. ಮ್ಯಾನ್ಮಾರ್, ಉಕ್ರೇನ್‌ಗಳಿಂದ ಜೋಳ ಬಂತು. 2025ರ ಜನವರಿಯಲ್ಲಿ ಅಕ್ಕಿಯನ್ನು ಕ್ವಿಂಟಲಿಗೆ 2,250ಕ್ಕೆ ಇಳಿಸಿ ಕೊಟ್ಟಾಗ ಗಾಳಿ ಉಲ್ಟಾ ಬೀಸಿತು. ಆದ್ದರಿಂದ ಗೋದಾಮಿನ ಅಕ್ಕಿಯ ಸುದ್ದಿ ಬಂದರೆ ಅದು ನಮ್ಮ ಜೋಳದ ಸುದ್ದಿ ಅಂತಲೇ ಓದಿ. ಸೋಯಾಬೀನ್ ಬೆಳೆಯುವವರಿಗೂ ಒಂದು ಮಾತು: ಅಗ್ಗದ ಡಿಡಿಜಿಎಸ್ ಹೆಚ್ಚಾದಷ್ಟೂ ಸೋಯಾ ಹಿಂಡಿಗೆ ಬೇಡಿಕೆ ಕುಗ್ಗುತ್ತದೆ. ಎಥನಾಲ್‌ನಿಂದ ಒಬ್ಬ ರೈತನಿಗೆ ಬಂದ ಲಾಭ ಇನ್ನೊಬ್ಬನ ಜೇಬಿನಿಂದ ಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ಹಸಿ ಮಾಲಿನ ಮಾತು. ಎಲ್ಲ ಲೆಕ್ಕ ಸರಿ ಹಾಕಿ ಇಲ್ಲಿ ಕಳೆದುಕೊಳ್ಳುವವರೇ ಜಾಸ್ತಿ. ಬೆಂಬಲ ಬೆಲೆಗೆ ತೇವಾಂಶ ಶೇಕಡಾ 14 ದಾಟಬಾರದು. ಯಾರ್ಡಿನಲ್ಲಿ ಮೀಟರಿಗೆ ಒಂದು ಹಿಡಿ ಕಾಳು ಹಾಕಿದಾಗ 18 ತೋರಿಸಿತು ಅಂದುಕೊಳ್ಳಿ. ಅದನ್ನು 14ಕ್ಕೆ ಒಣಗಿಸಿದರೆ ಕ್ವಿಂಟಲ್ ಹೋಗಿ 95 ಕಿಲೋ ಚಿಲ್ಲರೆ ಆಗುತ್ತದೆ. ಹಸಿಗೆ 1,600 ಕೇಳುತ್ತಿದ್ದರೆ, ಒಣ ಮಾಲಿಗೆ 1,680ರ ಮೇಲೆ ಸಿಕ್ಕರೆ ಮಾತ್ರ ಒಣಗಿಸಿದ್ದಕ್ಕೆ ಅರ್ಥ. ಅದರ ಮೇಲೆ ಕೂಲಿ ಬೇರೆ. ವ್ಯತ್ಯಾಸ 150 ಇದ್ದರೆ ಕಣ್ಣು ಮುಚ್ಚಿ ತಾಡಪಾಲು ಹಾಸಿ. 50 ಇದ್ದರೆ ಸುಮ್ನೆ ಕೊಟ್ಟುಬಿಡಿ.

ಎಷ್ಟು ಇಟ್ಟುಕೊಳ್ಳಬೇಕು ಅನ್ನೋದಕ್ಕೆ ನನ್ನ ರೀತಿ ಇದು. ಅಕ್ಕಿ ಹರಿದು ಬರುತ್ತಿದ್ದು ಹಂಚಿಕೆಯೂ ಬಿಗಿ ಇದ್ದರೆ ಕಾಯುವುದಿಲ್ಲ. ಬಡ್ಡಿ ಸಾಲ ಇದ್ದವರಿಗಂತೂ ಕಾಯಿರಿ ಅನ್ನುವುದೇ ಇಲ್ಲ. ಅಕ್ಕಿಗೋ ಕಬ್ಬಿಗೋ ತಡೆ ಬೀಳುವ ಲಕ್ಷಣ ಇದ್ದರೆ ಮೂರನೇ ಒಂದು ಭಾಗ ಒಣಗಿಸಿ ಗೋದಾಮಿಗೆ ಹಾಕಿಸುತ್ತೇನೆ. ಮಾರುವ ದಿನ ಅಂಗಡಿಯವರನ್ನು ರೇಟಿಗಿಂತ ಮೊದಲು ಇದನ್ನು ಕೇಳಿ: ಈ ವಾರ ಲಾರಿಗಳು ಡಿಸ್ಟಿಲರಿಗೆ ಹೋಗ್ತಿವೆಯಾ, ಫೀಡ್ ಕಂಪನಿಗೆ ಹೋಗ್ತಿವೆಯಾ? ಡಿಸ್ಟಿಲರಿಗೆ ಅಂದರೆ ಇನ್ನೂ ಐವತ್ತು ರೂಪಾಯಿ ಚೌಕಾಸಿಗೆ ಜಾಗ ಇದೆ.